ಮುಗಿದ ಪ್ರಕರಣ, ಮುಗಿಯದ ಅನುಮಾನ

ಪ್ರಶ್ನೆ: ನಾನು ಬಳ್ಳಾರಿಯವಳು, ಮನೆಯಲ್ಲೇ ಪೀಸ್ ಲೆಕ್ಕದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತೇನೆ. ನನ್ನ ಮಗ 16 ವರ್ಷದವನಿದ್ದಾಗ ಗೆಳೆಯರೊಂದಿಗೆ ಸೇರಿ ಬೈಕ್ ಕದ್ದು ಸಿಕ್ಕಿಬಿದ್ದ. ಬಾಲ ನ್ಯಾಯ ಮಂಡಳಿ ಅವನನ್ನು ಕೆಲವು ದಿನ ವೀಕ್ಷಣಾಲಯದಲ್ಲಿರಿಸಿ, ಬಳಿಕ ಒಂದು ವರ್ಷ ಅಧಿಕಾರಿಯ ನಿಗಾದಲ್ಲಿ ಮನೆಗೆ ಕಳಿಸಿತು. ಆ ಅವಧಿಯೂ ಮುಗಿದಿದೆ. ಈಗ ಅವನಿಗೆ 18 ತುಂಬಿದೆ. ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕೆ ಪೊಲೀಸರಿಂದ ನಡತೆ ಪತ್ರ ಕೇಳಿದ್ದಾರೆ. ಓಣಿಯಲ್ಲಿ ಏನು ಕಳೆದರೂ ಜನ ನಮ್ಮ ಬಾಗಿಲಿಗೇ ಬರುತ್ತಾರೆ. ಸುಳ್ಳೇಕೆ ಹೇಳಲಿ, ಅವನು ಒಳಗೆ ಬಂದರೆ ನಾನೇ ದುಡ್ಡಿನ ಡಬ್ಬಿಯನ್ನು ಮಷಿನ್ ಹಿಂದೆ ಸರಿಸುತ್ತೇನೆ. ಈ ಕೇಸು ಅವನನ್ನು ಜೀವಮಾನವಿಡೀ ಕಾಡುತ್ತದೆಯೇ?

ಉತ್ತರ: ತಾಯಿ, ಕಾನೂನಿನ ಮಟ್ಟಿಗೆ ಕಾಡಬಾರದು. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನಂತೆ, ಮಂಡಳಿಯ ಮುಂದೆ ಇತ್ಯರ್ಥವಾದ ತಪ್ಪಿನಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ತಗಲುವುದಿಲ್ಲ. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನೂ ನಾಶಪಡಿಸಬೇಕು. 16 ದಾಟಿದವರು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆಂದು ತೀರ್ಮಾನವಾದಾಗ ಮಾತ್ರ ಈ ರಕ್ಷಣೆ ಸಿಗುವುದಿಲ್ಲ. ಬೈಕ್ ಕಳವು ಆ ಸಾಲಿಗೆ ಸೇರುವುದಿಲ್ಲ. 74ನೇ ಕಲಮಿನ ಪ್ರಕಾರ, ಇತ್ಯರ್ಥವಾದ ಇಂಥ ಪ್ರಕರಣದ ವಿವರವನ್ನು ಪೊಲೀಸರು ನಡತೆ ಪತ್ರಕ್ಕಾಗಿಯೂ ಬಹಿರಂಗಪಡಿಸುವಂತಿಲ್ಲ.

ಆದರೂ ಅರ್ಜಿ ತುಂಬುವ ಮೊದಲು ಮಂಡಳಿಯ ಅಂತಿಮ ಆದೇಶದ ದೃಢೀಕೃತ ಪ್ರತಿಯನ್ನು ಪಡೆದಿಟ್ಟುಕೊಳ್ಳಿ. ನಮೂನೆಯಲ್ಲಿ ‘ಹಿಂದೆ ಪ್ರಕರಣ ದಾಖಲಾಗಿತ್ತೇ’ ಎಂದು ನೇರವಾಗಿ ಕೇಳಿದ್ದರೆ, ಗಾಬರಿಯಲ್ಲಿ ಏನನ್ನೋ ಬರೆದುಬಿಡದೆ, ಆ ಪ್ರತಿಯೊಂದಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ, ದೂರವಾಣಿ 15100. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಾಲ್ಯದ ಪ್ರಕರಣವನ್ನು ನೇಮಕಕ್ಕೆ ಅಡ್ಡಿಯಾಗಿಸಬಾರದೆಂದು 2019ರಲ್ಲಿ ಹೇಳಿದೆ.

ಓಣಿಯವರ ಬಾಯಿ ಮುಚ್ಚಿಸಲು ಕಲಮುಗಳಿಂದ ಆಗದು. ಏನಾದರೂ ಕಳೆಯಿತೆಂದು ಯಾರಾದರೂ ಬಂದಾಗ ಅವನನ್ನು ಕರೆದು ಅವರೆದುರು ವಿಚಾರಿಸಬೇಡಿ. ಬಾಗಿಲಲ್ಲಿ ನೀವೇ ನಿಂತು, ಅನುಮಾನವಿದ್ದರೆ ಪೊಲೀಸರಿಗೆ ದೂರು ಕೊಡಿರೆಂದು ಹೇಳಿ ಕಳಿಸಿ. ಮಗ ಅದನ್ನು ಒಳಗಿನಿಂದ ಕೇಳಿಸಿಕೊಳ್ಳಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ಆ ಡಬ್ಬಿಯ ಮಾತು. ನೀವು ಅದನ್ನು ಸರಿಸುವ ಸದ್ದು ಅವನಿಗೂ ಪರಿಚಿತವಾಗಿರುತ್ತದೆ. ಮಂಡಳಿ ಒಂದು ವರ್ಷದಲ್ಲಿ ಮುಗಿಸಿದ ವಿಚಾರಣೆಯನ್ನು ಮನೆಯಲ್ಲಿ ದಿನವೂ ಹೊಸದಾಗಿ ನಡೆಸುತ್ತಿದ್ದರೆ, ಅವನನ್ನು ಅನುಮಾನಿಸದೆ ಸೇರಿಸಿಕೊಳ್ಳುವವರು ಆ ಹಳೆಯ ಗೆಳೆಯರು ಮಾತ್ರ ಆಗಿಬಿಡುತ್ತಾರೆ. ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ, ಅದು ಒಂದೇ ದಿನದಲ್ಲಿ ಹೋಗಬೇಕಾಗಿಯೂ ಇಲ್ಲ. ಈ ವಾರ ಹೊಲಿದ ಪ್ಯಾಂಟುಗಳ ಗಂಟನ್ನು ಘಟಕಕ್ಕೆ ಅವನ ಕೈಯಲ್ಲೇ ಕಳಿಸಿ, ಮಾಲೀಕರಿಂದ ಲೆಕ್ಕದ ಹಣವನ್ನೂ ಅವನೇ ತರಲಿ. ತಂದಾಗ ಅವನೆದುರು ಎಣಿಸಬೇಡಿ. ಡಬ್ಬಿ ತೆಗೆದು, ಅವನೇ ಹಾಕಲಿ ಎಂದು ಕೊಡಿ.