ಪ್ಯಾಡ್, ಕಪ್, ಬಟ್ಟೆ: ಹೆದರಬೇಕಾದದ್ದು ಯಾವುದಕ್ಕೆ?

ಮುಟ್ಟಿನ ಸಾಮಗ್ರಿಗಳ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಬರೆದಿರುವುದರಿಂದ ಊರಿನ ಹೆಸರು ಮಾತ್ರ ಕೊಟ್ಟಿದ್ದೇವೆ.

ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಬಂದಿದೆ. ತೆಳು ಪ್ಯಾಡಿನೊಳಗಿನ ಕೆಮಿಕಲ್ ರಕ್ತವನ್ನು ಜೆಲ್ ಮಾಡ್ತದೆ, ಅದರಿಂದ ಗರ್ಭಕೋಶದ ಕ್ಯಾನ್ಸರ್ ಬಂದು 56 ಹುಡುಗಿಯರು ಸತ್ತಿದ್ದಾರೆ ಅಂತ ಉಂಟು. ನನ್ನ ಮಗಳಿಗೆ 13 ವರ್ಷ. ಪ್ಯಾಡ್ ನಿಲ್ಲಿಸಬೇಕಾ? (ಸುರತ್ಕಲ್)

ನಿಲ್ಲಿಸಬೇಡಿ. ಆ ಸಂದೇಶ ಹಲವು ವರ್ಷಗಳಿಂದ ಸುತ್ತುತ್ತಿದೆ. ಸತ್ತವರು ಯಾವ ಊರಿನವರು, ಯಾವ ವರ್ಷ ಸತ್ತರು, ಯಾವ ಆಸ್ಪತ್ರೆಯಲ್ಲಿದ್ದರು ಎಂಬ ಒಂದು ವಿವರವೂ ಅದರಲ್ಲಿಲ್ಲ.

ಜೆಲ್ ಆಗುವುದು ಮಾತ್ರ ನಿಜ. ಪ್ಯಾಡಿನ ಮೇಲಿನ ತೆಳು ಹಾಳೆ ಮೈಗೆ ತಾಗುತ್ತದೆ. ಅದರಡಿ ದ್ರವವನ್ನು ಹರಡುವ ಪದರ, ಅದರ ಕೆಳಗೆ ಮರದ ತಿರುಳಿನ ನಾರು, ನಾರಿನ ನಡುವೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿ, ತಳದಲ್ಲಿ ಸೋರದಂತೆ ಪಾಲಿಥಿನ್. ಮಕ್ಕಳ ಡೈಪರಿನಲ್ಲಿ ಇರುವುದೂ ಇದೇ ಪುಡಿ. ದ್ರವ ತಾಗಿದೊಡನೆ ನೆನೆದ ಸಬ್ಬಕ್ಕಿಯ ಹಾಗೆ ಉಬ್ಬಿ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಜೆಲ್ ಆಗುವುದು ಮೈಯಿಂದ ಹೊರಬಿದ್ದ ರಕ್ತ. ಮೈಯೊಳಗಿನ ರಕ್ತವನ್ನು ಅದು ಎಳೆಯುವುದಿಲ್ಲ, ಗರ್ಭಕೋಶಕ್ಕೆ ಏರುವುದೂ ಇಲ್ಲ.

ಈ ಭಯದ ಹಿಂದೆ ಒಂದು ಹಳೆಯ, ನಿಜವಾದ ಘಟನೆ ಇರಬಹುದು. 1980ರಲ್ಲಿ ಅಮೆರಿಕದಲ್ಲಿ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ತೀವ್ರ ಕಾಯಿಲೆಯಿಂದ ಮುಟ್ಟಾದ ಹೆಂಗಸರು ಸತ್ತರು. ಅತಿಯಾಗಿ ಹೀರುವ ಒಂದು ಬಗೆಯ ಟ್ಯಾಂಪನ್ನನ್ನು ಆ ವರ್ಷ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಯಿಂದ ಹಿಂದೆಗೆದುಕೊಂಡರು. ಅದು ಯೋನಿಯೊಳಗೆ ಇಡುವ ವಸ್ತು, ಕಾಯಿಲೆ ತಂದದ್ದು ಬ್ಯಾಕ್ಟೀರಿಯಾದ ವಿಷ, ಕ್ಯಾನ್ಸರ್ ಅಲ್ಲ. ಹೊರಗೆ ಇಡುವ ಪ್ಯಾಡಿಗೆ ಆ ಕಥೆಯನ್ನು ಅಂಟಿಸಿದರೆ ಅರ್ಥವೇ ಬದಲಾಗುತ್ತದೆ.

ಇನ್ನು ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಅದಕ್ಕೆ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್. ಅದರ 16 ಮತ್ತು 18ನೇ ಬಗೆಗಳೇ ಸುಮಾರು 70 ಶೇಕಡಾ ಪ್ರಕರಣಗಳಿಗೆ ಕಾರಣ. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ತಡೆಯಲು ಲಸಿಕೆ ಇದೆ, 9ರಿಂದ 14 ವಯಸ್ಸು ಅದಕ್ಕೆ ಅತ್ಯುತ್ತಮ ಕಾಲ. ನಿಮ್ಮ ಮಗಳಿಗೆ ಈಗ 13. ಪ್ಯಾಡ್ ಬಿಡಿಸುವ ಯೋಚನೆ ಬಿಟ್ಟು ಲಸಿಕೆಯ ಬಗ್ಗೆ ವೈದ್ಯರಲ್ಲಿ ಈ ತಿಂಗಳೇ ಕೇಳಿ. ನಿಮಗೆ 30 ದಾಟಿದ್ದರೆ ನೀವೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಳ್ಳಿ. ಮಂಗಳೂರಿನ ಲೇಡಿಗೋಷನ್‌ನಂತಹ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಹಾಗೆಂದು ಪ್ಯಾಡಿನ ರಾಸಾಯನಿಕಗಳ ಬಗ್ಗೆ ಪ್ರಶ್ನೆಯೇ ಇಲ್ಲವೆಂದಲ್ಲ. 2022ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 10 ಬಗೆಯ ಪ್ಯಾಡ್ ಪರೀಕ್ಷಿಸಿದಾಗ ಎಲ್ಲದರಲ್ಲೂ ಥ್ಯಾಲೇಟ್‌ಗಳು (ಪ್ಲಾಸ್ಟಿಕ್ಕನ್ನು ಮೆದು ಮಾಡಲು ಬಳಸುವ ರಾಸಾಯನಿಕಗಳು) ಮತ್ತು ಆವಿಯಾಗುವ ರಾಸಾಯನಿಕಗಳು ಸಿಕ್ಕವು, ಆರ್ಗ್ಯಾನಿಕ್ ಎಂದು ಮಾರುವವುಗಳಲ್ಲೂ. ಸಿಕ್ಕಿತು ಎಂದಾಕ್ಷಣ ಕಾಯಿಲೆ ಬಂತು ಎಂದಾಗುವುದಿಲ್ಲ. ಆದರೆ ಒಳಗೆ ಏನಿದೆ ಎಂದು ಕಂಪನಿಗಳು ಪ್ಯಾಕೆಟ್ ಮೇಲೆ ಪೂರ್ತಿ ಬರೆಯಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ ಸುವಾಸನೆಯ ಪ್ಯಾಡ್ ಬೇಡ. ಸೆಂಟಿನಿಂದ ಏನೂ ಲಾಭವಿಲ್ಲ, ಚರ್ಮ ಉರಿಸುವುದರಲ್ಲಿ ಅದು ಮುಂದು.

ನಾನು ಬಂದರಿನಲ್ಲಿ ಮೀನು ಬೇರ್ಪಡಿಸುವ ಕೆಲಸಕ್ಕೆ ಹೋಗುವವಳು. ಬೆಳಿಗ್ಗೆ ಹಾಕಿದ ಪ್ಯಾಡ್ ಮನೆಗೆ ಬಂದ ಮೇಲೆಯೇ ತೆಗೆಯುವುದು. ತೊಡೆಸಂದಿಯಲ್ಲಿ ಕೆಂಪಾಗಿ ಉರಿ. ಪ್ಯಾಡಿನ ವಿಷ ಅಂತ ಪಕ್ಕದವರು ಹೇಳ್ತಾರೆ. (ಮಲ್ಪೆ)

ಉರಿಗೆ ಕಾರಣ ಹೊತ್ತು, ತೇವ ಮತ್ತು ಉಜ್ಜಾಟ. ಬೆವರು, ಉಪ್ಪುನೀರು, ರಕ್ತ ಮೂರೂ ಸೇರಿ ಚರ್ಮ ಮೆತ್ತಗಾಗುತ್ತದೆ, ಪ್ಯಾಡಿನ ಅಂಚು ಅದನ್ನೇ ತಿಕ್ಕುತ್ತದೆ. ಸ್ರಾವ ಕಡಿಮೆ ಇದ್ದರೂ 4ರಿಂದ 6 ಗಂಟೆಗೊಮ್ಮೆ ಬದಲಿಸಬೇಕು. ‘12 ಗಂಟೆ ರಕ್ಷಣೆ’ ಎಂದು ಪ್ಯಾಕೆಟ್ ಹೇಳುವುದು ಸೋರುವುದಿಲ್ಲ ಎಂಬ ಅರ್ಥದಲ್ಲಿ. ಚರ್ಮಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಬರೇ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ತಿಕ್ಕಬೇಡಿ. ಕೆಲಸಕ್ಕೆ ಹೊರಡುವ ಮುಂಚೆ ತೊಡೆಸಂದಿಗೆ, ಹೊರಚರ್ಮಕ್ಕೆ ಮಾತ್ರ, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಪ್ಯಾಡಿನ ಮೇಲೆ ಹಚ್ಚಿದರೆ ಅದು ಹೀರುವುದಿಲ್ಲ. ಪೌಡರ್, ಡೆಟಾಲ್, ಒಳಗೆ ತೊಳೆಯುವ ದ್ರಾವಣ ಯಾವುದೂ ಬೇಡ. ಮೊಸರಿನ ಗಡ್ಡೆಯಂತಹ ಬಿಳಿ ಸ್ರಾವ, ಕೆಟ್ಟ ವಾಸನೆ, ಗುಳ್ಳೆ, ಜ್ವರ ಇದ್ದರೆ ಅದು ಸೋಂಕಿರಬಹುದು, ವೈದ್ಯರಿಗೆ ತೋರಿಸಿ. ಗಂಟೆಗೊಂದು ಪ್ಯಾಡ್ ತೋಯುವುದು, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬೀಳುವುದು, 7 ದಿನ ದಾಟುವುದು ಇವೂ ತೋರಿಸಬೇಕಾದವೇ.

ನೂರಾರು ಹೆಂಗಸರು ದುಡಿಯುವ ಕಡೆ ಬಾಗಿಲು, ನೀರು, ಮುಚ್ಚಳದ ಡಬ್ಬಿ ಇರುವ ಶೌಚಾಲಯವನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಒಬ್ಬರೇ ಕೇಳುವುದಕ್ಕಿಂತ ಹತ್ತು ಮಂದಿ ಒಟ್ಟಾಗಿ ಕೇಳಿ.

ನಮ್ಮ ಸ್ವಸಹಾಯ ಸಂಘದ ಮೀಟಿಂಗಿಗೆ ಒಬ್ಬರು ಬಂದು ಅಂಗಡಿ ಪ್ಯಾಡನ್ನು ಸುಟ್ಟು ಕಪ್ಪು ಹೊಗೆ ತೋರಿಸಿದರು. ಅದನ್ನೇ ಹರಿದು ಗ್ಲಾಸಿನ ನೀರಿಗೆ ಹಾಕಿದರೆ ನೀರು ಬೆಳ್ಳಗಾಯಿತು. ಅವರು ಮಾರುವುದು ಹಸಿರು ಪಟ್ಟಿ ಇರುವ ‘ಅಯಾನ್’ ಪ್ಯಾಡ್, ಹೊಟ್ಟೆನೋವು, ಬಿಳಿಸೆರಗು, ಗಡ್ಡೆ ಎಲ್ಲ ಹೋಗ್ತದಂತೆ. ತೆಗೆದುಕೊಳ್ಳಬಹುದಾ? (ಉಳ್ಳಾಲ)

ಅವರು ಮಾಡಿದ ಎರಡೂ ಪ್ರಯೋಗ ನೋಡಲಿಕ್ಕೆ ಜೋರು, ಆದರೆ ಏನನ್ನೂ ಸಾಬೀತು ಮಾಡುವುದಿಲ್ಲ. ತಳದ ಪಾಲಿಥಿನ್ ಮತ್ತು ಅಂಟು ಉರಿದರೆ ಕಪ್ಪು ಹೊಗೆ ಬಂದೇ ಬರುತ್ತದೆ. ಅವರ ಪ್ಯಾಡಿನ ತಳದಲ್ಲೂ ಸೋರದ ಪದರ ಇರಲೇಬೇಕು, ಅದನ್ನೂ ಸುಟ್ಟು ತೋರಿಸಿ ಎಂದು ಕೇಳಿ. ನೀರು ಬೆಳ್ಳಗಾದದ್ದು ಮರದ ತಿರುಳಿನ ಸಣ್ಣ ನಾರು ತೇಲಿದ್ದರಿಂದ. ಅದು ರದ್ದಿ ಕಾಗದವೂ ಅಲ್ಲ, ವಿಷವೂ ಅಲ್ಲ.

ಪ್ಯಾಡ್ ಔಷಧಿಯಲ್ಲ. ಪಟ್ಟಿಯೊಂದರಿಂದ ಗಡ್ಡೆ ಕರಗುತ್ತದೆ, ಬಿಳಿಸೆರಗು ವಾಸಿಯಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಇಂಥ ಮಾತು ನಂಬಿ ತಪಾಸಣೆ ಮುಂದೂಡುವುದೇ ಇದರಲ್ಲಿ ನಿಜವಾದ ಹಾನಿ. ಗರ್ಭಕೋಶದಲ್ಲಿ ಗಡ್ಡೆ (ಫೈಬ್ರಾಯ್ಡ್) ಇದೆಯೇ ಇಲ್ಲವೇ ಎಂದು ಸ್ಕ್ಯಾನಿಂಗ್ ಹೇಳುತ್ತದೆ. ಹಣ ಕಟ್ಟಿ ಕೆಳಗೆ ನಾಲ್ಕು ಜನರನ್ನು ಸೇರಿಸಿ ಎಂದರೂ ಒಪ್ಪಬೇಡಿ.

ಕೊಳ್ಳುವಾಗ ನೋಡಬೇಕಾದದ್ದು ಬೇರೆ: ತಯಾರಿಸಿದ ತಿಂಗಳು, ತಯಾರಕರ ವಿಳಾಸ, ಹರಿಯದ ಪ್ಯಾಕೆಟ್, ಭಾರತೀಯ ಮಾನಕ ಐಎಸ್ 5405ರ ಉಲ್ಲೇಖ. ಮಳೆಗಾಲದಲ್ಲಿ ಬಚ್ಚಲಿನ ಶೆಲ್ಫಿನಲ್ಲಿ ಪ್ಯಾಕೆಟ್ ತೆರೆದಿಡಬೇಡಿ, ತೇವ ಹೀರಿ ಬೂಷ್ಟು ಹಿಡಿಯುತ್ತದೆ.

ಸ್ವಿಮ್ಮಿಂಗ್ ಕ್ಲಾಸಿಗೆ ಟ್ಯಾಂಪನ್ ಹಾಕಬಹುದಾ? (ಕದ್ರಿ)

ಹಾಕಬಹುದು. ನಿಮ್ಮ ಸ್ರಾವಕ್ಕೆ ಸಾಲುವ ಅತಿ ಕಡಿಮೆ ಹೀರುವ ಬಗೆ ಆರಿಸಿ. ಈಜು ಮುಗಿದೊಡನೆ ಬದಲಿಸಿ, ಏನೇ ಆದರೂ 8 ಗಂಟೆ ಮೀರಿಸಬೇಡಿ. ತೆಗೆಯುವಾಗ ಒಣಗಿ ಎಳೆದಂತಾದರೆ ಅದು ನಿಮಗೆ ಹೆಚ್ಚಾಯಿತು ಎಂದರ್ಥ. ಹಠಾತ್ ಜೋರು ಜ್ವರ, ವಾಂತಿ, ಭೇದಿ, ತಲೆಸುತ್ತು, ಬಿಸಿಲಿಗೆ ಸುಟ್ಟಂತೆ ಮೈಯೆಲ್ಲ ಕೆಂಪು ಕಂಡರೆ ಟ್ಯಾಂಪನ್ ತೆಗೆದು ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ, ಟ್ಯಾಂಪನ್ ಹಾಕಿದ್ದೆ ಎಂದು ಡಾಕ್ಟರಿಗೆ ಹೇಳಲು ಮರೆಯಬೇಡಿ. ಇವು ಮೇಲೆ ಹೇಳಿದ ಟಾಕ್ಸಿಕ್ ಶಾಕ್‌ನ ಲಕ್ಷಣ. ಅದು ತೀರಾ ಅಪರೂಪ, ಬಂದರೆ ಒಂದೊಂದು ಗಂಟೆಯೂ ಮುಖ್ಯ.

ಮುಟ್ಟಿನ ಕಪ್ ಒಳಗೆ ಹೋಗಿ ಹೊಟ್ಟೆ ಸೇರ್ತದೆ, ಮದುವೆಯಾಗದವರು ಹಾಕಬಾರದು ಅಂತ ಹಾಸ್ಟೆಲಿನಲ್ಲಿ ಹೇಳ್ತಾರೆ. ಒಮ್ಮೆ ಹಾಕಿ ನೋಡಿದೆ, ಸೋರಿತು. ತೆಗೆಯಲು ತುಂಬ ಕಷ್ಟವಾಯಿತು. (ಮಣಿಪಾಲ)

ಕಪ್ ಎಂದರೆ ಯೋನಿಯೊಳಗೆ ಇಟ್ಟು ರಕ್ತ ಹಿಡಿಯುವ ಮೆತ್ತನೆಯ ಸಣ್ಣ ಬಟ್ಟಲು. ಅದು ಹೊಟ್ಟೆ ಸೇರಲು ದಾರಿಯೇ ಇಲ್ಲ. ಯೋನಿಯ ತುದಿಯಲ್ಲಿ ಗರ್ಭಕೊರಳು ಇದೆ, ಅದರ ರಂಧ್ರ ಕೆಲವೇ ಮಿಲಿಮೀಟರ್. ಮದುವೆಗೂ ಕಪ್ಪಿಗೂ ಸಂಬಂಧವಿಲ್ಲ. ಕನ್ಯಾಪೊರೆ ಆಟೋಟದಲ್ಲೂ ಹಿಗ್ಗಬಹುದು, ಅದನ್ನು ನೋಡಿ ಯಾರ ನಡತೆಯನ್ನೂ ಅಳೆಯಲಾಗದು. 2023ರಲ್ಲಿ ರಾಜ್ಯ ಸರ್ಕಾರ ಶುಚಿ ಯೋಜನೆಯಡಿ ಹುಡುಗಿಯರಿಗೆ ಕಪ್ ಕೊಡುವ ಪ್ರಯೋಗವನ್ನು ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲೇ ಆರಂಭಿಸಿತ್ತು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸೋರುವಿಕೆ ಪ್ಯಾಡ್, ಟ್ಯಾಂಪನ್‌ಗಳಷ್ಟೇ ಅಥವಾ ಅದಕ್ಕಿಂತ ಕಡಿಮೆ ಎಂದು ಕಂಡುಬಂತು.

ಸೋರಿಕೆಗೆ ಸಾಮಾನ್ಯ ಕಾರಣ, ಒಳಗೆ ಹೋದ ಕಪ್ ಪೂರ್ತಿ ಬಿಚ್ಚಿಕೊಳ್ಳದಿರುವುದು. ಕೈ ಸೋಪಿನಲ್ಲಿ ತೊಳೆದು, ಕುಕ್ಕರಗಾಲಲ್ಲಿ ಕುಳಿತು, ಕಪ್ಪಿನ ಅಂಚನ್ನು ಒಳಕ್ಕೆ ಒತ್ತಿ ಮೊನಚಾಗಿ ಮಡಿಸಿ. ನೇರ ಮೇಲಕ್ಕೆ ತಳ್ಳಬೇಡಿ, ಬೆನ್ನಿನ ಬುಡದ ಕಡೆಗೆ ಓರೆಯಾಗಿ ತೂರಿಸಿ. ಬಿಟ್ಟ ಮೇಲೆ ತಳದ ಸುತ್ತ ಬೆರಳಾಡಿಸಿ. ಮಡಿಕೆ ಕೈಗೆ ಸಿಕ್ಕಿದರೆ ತಳ ಹಿಡಿದು ಅರ್ಧ ಸುತ್ತು ತಿರುಗಿಸಿ. ಅಂಚಿನ ಕೆಳಗಿನ ಸಣ್ಣ ತೂತುಗಳು ಮುಚ್ಚಿಹೋಗಿದ್ದರೂ ಸೋರುತ್ತದೆ. ಕಪ್ಪಿಗೆ ನೀರು ತುಂಬಿ, ಬಾಯನ್ನು ಅಂಗೈಯಿಂದ ಮುಚ್ಚಿ ಹಿಂಡಿದರೆ ತೂತು ತೆರೆದುಕೊಳ್ಳುತ್ತದೆ.

ತೆಗೆಯುವಾಗ ಬಾಲವನ್ನು ಮಾತ್ರ ಎಳೆಯಬೇಡಿ. ಒಳಗೆ ಗಾಳಿಯ ಹಿಡಿತ ಇರುತ್ತದೆ, ಎಳೆದಷ್ಟೂ ನೋವು. ಮುಕ್ಕಿ ಕಪ್ಪನ್ನು ಕೆಳಗೆ ತಂದು, ಎರಡು ಬೆರಳಿಂದ ತಳವನ್ನು ಹಿಸುಕಿ ಹಿಡಿತ ಬಿಡಿಸಿ, ಓರೆ ಮಾಡಿ ಹೊರತನ್ನಿ. ಸಿಗದಿದ್ದರೆ ಗಾಬರಿಯಾಗಬೇಡಿ, ಅರ್ಧ ಗಂಟೆ ನಡೆದಾಡಿ ಮತ್ತೆ ಪ್ರಯತ್ನಿಸಿ. ಮೂತ್ರಕ್ಕೆ ತಡೆ, ಸೊಂಟದ ಬದಿಯಲ್ಲಿ ನೋವು ಬಂದರೆ ಕಪ್ ಮೂತ್ರನಾಳದ ಮೇಲೆ ಒತ್ತುತ್ತಿರಬಹುದು, ತೆಗೆದು ವೈದ್ಯರಿಗೆ ಹೇಳಿ. ಕಾಪರ್-ಟಿ ಇದ್ದವರು ಅದನ್ನು ಹಾಕಿದ ವೈದ್ಯರನ್ನು ಕೇಳದೆ ಕಪ್ ಬಳಸಬಾರದು, ಹಿಡಿತ ಬಿಡಿಸದೆ ಎಳೆದರೆ ಕಾಪರ್-ಟಿ ಜಾರಬಹುದು.

ಕಪ್ ಒಳಗಿರಬಹುದಾದದ್ದು ಗರಿಷ್ಠ 12 ಗಂಟೆ. ಪ್ರತಿ ಮುಟ್ಟಿನ ಮುಂಚೆ ಮತ್ತು ನಂತರ, ಕಪ್ ಪೂರ್ತಿ ಮುಳುಗುವಷ್ಟು ನೀರಿನಲ್ಲಿ 5 ನಿಮಿಷ ಕುದಿಸಿ. ನೀರು ಬತ್ತಿ ತಳಕ್ಕೆ ಅಂಟಿದರೆ ಅದು ಹಾಳಾದಂತೆ. ಬಾವಿ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕಪ್ ಕಂದಾಗಬಹುದು, ತೊಂದರೆಯಿಲ್ಲ. ಮೇಲ್ಮೈ ಜಿಗುಟಾದರೆ ಅಥವಾ ಸೀಳಿದರೆ ಎಸೆಯಿರಿ. ಒಣಗಿಸಿ ಬಟ್ಟೆಯ ಚೀಲದಲ್ಲಿಡಿ, ಗಾಳಿಯಾಡದ ಡಬ್ಬಿಯಲ್ಲಿ ಬೇಡ.

ಬಟ್ಟೆ ಪ್ಯಾಡ್ ಒಳ್ಳೆಯದು ಅಂತ ಶುರು ಮಾಡಿದೆ. ಆಟಿ ತಿಂಗಳಲ್ಲಿ ಒಣಗುವುದೇ ಇಲ್ಲ. ಎಂತ ಮಾಡುವುದು? (ಬ್ರಹ್ಮಾವರ)

ಬಟ್ಟೆ ಸುರಕ್ಷಿತ, ಅದು ಪೂರ್ತಿ ಒಣಗಿದರೆ ಮಾತ್ರ. ನಮ್ಮ ಕರಾವಳಿಯ ಮಳೆಯಲ್ಲಿ ಅದೇ ಕಷ್ಟ. ಹಾಗಾಗಿ ದಪ್ಪಗೆ ಹೊಲಿದದ್ದನ್ನು ಬಿಟ್ಟು, ಬಿಚ್ಚಿ ಒಂದೇ ಪದರವಾಗಿ ಹರಡಬಹುದಾದ ಬಗೆ ತೆಗೆದುಕೊಳ್ಳಿ. ಮಳೆಗಾಲಕ್ಕೆ 10ರಿಂದ 12 ಬೇಕು.

ಮೊದಲು ತಣ್ಣೀರು. ಬಿಸಿನೀರಿಗೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ಕಲೆ ಕೂತುಬಿಡುತ್ತದೆ. ಅರ್ಧ ಗಂಟೆ ನೆನೆಸಿ, ಇಡೀ ರಾತ್ರಿ ಬೇಡ. ಸೋಪು ಹಾಕಿ ತಿಕ್ಕಿ, ನೀರು ತಿಳಿಯಾಗುವವರೆಗೆ ಜಾಲಿಸಿ. ಬಟ್ಟೆ ಮೃದು ಮಾಡುವ ದ್ರಾವಣ ಹಾಕಿದರೆ ಹೀರುವ ಗುಣ ಹೋಗುತ್ತದೆ. ಒಣ ಬೈರಾಸಿನಲ್ಲಿ ಸುತ್ತಿ ಗಟ್ಟಿಯಾಗಿ ಒತ್ತಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ. ಮತ್ತೆ ಫ್ಯಾನಿನಡಿ ಹರಡಿ, ಕೊನೆಗೆ ಇಸ್ತ್ರಿ ಮಾಡಿ. ಸೋರದ ಪದರ ಇರುವುದಾದರೆ ಆ ಬದಿಗೆ ಬಿಸಿ ಇಸ್ತ್ರಿ ತಾಗಿಸಬೇಡಿ. ಬಿಸಿ ಆರಿದ ಮೇಲೆ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ, ಎಲ್ಲಾದರೂ ತಣ್ಣಗೆ ಅನಿಸಿದರೆ ಅಲ್ಲಿ ಇನ್ನೂ ತೇವ ಇದೆ. ಕಲೆ ಉಳಿದರೆ ಕೊಳೆಯಲ್ಲ. ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಬಂದದ್ದನ್ನು ಮತ್ತೆ ಬಳಸಬೇಡಿ.

ನಾಚಿಕೆಯಿಂದ ಲಂಗದ ಅಡಿ ಮುಚ್ಚಿ ಒಣಗಿಸುವುದನ್ನು ದಯವಿಟ್ಟು ಬಿಡಿ. ಮಳೆ ಬಿಟ್ಟ ದಿನ ಅಂಗಳದ ಬಿಸಿಲಿಗೆ ಹಾಕಿ. ಜುಲೈ, ಆಗಸ್ಟ್‌ನಲ್ಲಿ ಏನು ಮಾಡಿದರೂ ಒಣಗದಿದ್ದರೆ ಆ ಎರಡು ತಿಂಗಳು ಅಂಗಡಿ ಪ್ಯಾಡ್ ಬಳಸುವುದರಲ್ಲಿ ತಪ್ಪೇನಿಲ್ಲ.

ಬಳಸಿದ ಪ್ಯಾಡನ್ನು ಬಚ್ಚಲು ಒಲೆಗೆ ಹಾಕ್ತೇವೆ. ಸುಟ್ಟರೆ ಮಕ್ಕಳಾಗುವುದಿಲ್ಲ ಅಂತ ಅತ್ತೆ, ಹೊರಗೆ ಎಸೆದು ಹಾವು ದಾಟಿದರೂ ಹಾಗೆಯೇ ಅಂತ ನೆರೆಮನೆಯವರು. (ಕಾಪು)

ಮೈಯಿಂದ ಹೊರಬಂದ ರಕ್ತ ಸುಟ್ಟರೂ, ಹಾವು ದಾಟಿದರೂ ಗರ್ಭಕೋಶಕ್ಕೆ ಏನೂ ಆಗುವುದಿಲ್ಲ. ಆದರೆ ಅತ್ತೆಯವರು ಸುಡಬೇಡ ಎಂದದ್ದು ಬೇರೆ ಕಾರಣಕ್ಕೆ ಸರಿ. ಪ್ಯಾಡಿನಲ್ಲಿ ಪ್ಲಾಸ್ಟಿಕ್ ಇದೆ, ಜೊತೆಗೆ ಒದ್ದೆ. ಇಂಥದ್ದು ಪೂರ್ತಿ ಉರಿಯಲು 800 ಡಿಗ್ರಿಯಷ್ಟು ನಿರಂತರ ಶಾಖ ಬೇಕು. ಕಟ್ಟಿಗೆ ಒಲೆಯಲ್ಲಿ ಅದು ಅರೆಬೆಂದು, ಹೊಗೆಯನ್ನು ಬಚ್ಚಲಲ್ಲಿರುವವರೇ ಕುಡಿಯುತ್ತಾರೆ. ತೆಂಗಿನ ಬುಡದಲ್ಲಿ ಹೂತರೂ ಪ್ಲಾಸ್ಟಿಕ್ ಕರಗದು, ಬಾವಿ ಹತ್ತಿರವಿದ್ದರಂತೂ ಬೇಡವೇ ಬೇಡ. ಕಮೋಡಿಗೆ ಹಾಕಿದರೆ ಉಬ್ಬಿ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಸುರುಳಿ ಸುತ್ತಿ, ಹೊಸ ಪ್ಯಾಡಿನ ಹೊದಿಕೆಯಲ್ಲೋ ಪೇಪರಿನಲ್ಲೋ ಕಟ್ಟಿ, ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ ಬೇರೆಯಾಗಿ ಕಸದ ಗಾಡಿಗೆ ಕೊಡಿ. ಪ್ಯಾಡನ್ನು ಭದ್ರವಾಗಿ ಸುತ್ತಿಯೇ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳೂ ಹೇಳಿದ್ದವು. ಕಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದರೆ ಕಸ ವಿಂಗಡಿಸುವವರು ಅದನ್ನು ಬರಿಗೈಯಲ್ಲಿ ಬಿಚ್ಚುವುದು ತಪ್ಪುತ್ತದೆ.