ಪಿಎಚ್‌ಡಿ ಮೂರನೇ ವರ್ಷದಲ್ಲಿ ಕೆಲಸ ನಿಂತುಹೋಗಿದೆ, ಗೈಡ್ ಮಾತಿಗೆ ಸಿಗುವುದೇ ಇಲ್ಲ. ಏನು ಮಾಡಲಿ?

ಮೊದಲು ಗಾಬರಿ ಬಿಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಪಿಎಚ್‌ಡಿ ಮುಗಿಸಲು ಕನಿಷ್ಠ 3, ಗರಿಷ್ಠ 6 ವರ್ಷ ಇದೆ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಹೆರಿಗೆ, ಮಕ್ಕಳ ಆರೈಕೆಗೆ ಒಟ್ಟು 240 ದಿನ ರಜೆಯೂ ಉಂಟು.

ಗೈಡ್ ವಿಷಯಕ್ಕೆ ಬಂದರೆ, "ಸರ್, ಅಧ್ಯಾಯ ನೋಡಿ" ಅಂದರೆ ಯಾರೂ ನೋಡುವುದಿಲ್ಲ. ನನ್ನ ಅನುಭವವೂ ಅದೇ. ಎರಡು ಪುಟ ಕೊಟ್ಟು, ಒಂದೇ ಪ್ರಶ್ನೆ ಕೇಳಿ. ಮಾತಾಡಿದ್ದನ್ನು ಅವತ್ತೇ ಇಮೇಲ್ ಮಾಡಿ. ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ಹೇಳಬೇಕು ಅಲ್ವಾ? ಅಲ್ಲಿ ತೊಂದರೆ ಮುಚ್ಚಿಡಬೇಡಿ.

ಫೆಲೋಶಿಪ್ ತಡವಾಗುತ್ತದೆ, ಸ್ವಲ್ಪ ದುಡ್ಡು ಪಕ್ಕಕ್ಕಿಡಿ. ಓದುತ್ತಾ ಓದುತ್ತಾ ಬರೆಯುವುದನ್ನು ಮುಂದೂಡುವುದೇ ದೊಡ್ಡ ರೋಗ. ದಿನಕ್ಕೆ ಅರ್ಧ ಪುಟ ಸಾಕು, ಕೆಟ್ಟದಾಗಿದ್ದರೂ ಪರವಾಗಿಲ್ಲ. ವಾರಗಟ್ಟಲೆ ನಿದ್ದೆ ಬರದಿದ್ದರೆ ಮಾತ್ರ ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿದರೂ ಆಯಿತು, ಕನ್ನಡದಲ್ಲೇ ಮಾತಾಡಬಹುದು.