ಬುದ್ಧಿಹಲ್ಲು ತೆಗೆಸಿದ ಮೇಲಿನ ಊತ

ನಮಸ್ಕಾರ. ಮೊನ್ನೆ ಕೆಳದವಡೆಯ ಬುದ್ಧಿಹಲ್ಲು ಕೊಯ್ದು ತೆಗೆಸಿದ್ದೀರಿ. ಇವತ್ತು ಕೆನ್ನೆ ನಿನ್ನೆಗಿಂತ ಜಾಸ್ತಿ ಊದಿದೆ, ಏನಾದರೂ ಎಡವಟ್ಟಾಗಿದೆಯಾ ಅಂತ ಕೇಳಿದ್ದೀರಿ ಅಲ್ವಾ? ಗಾಬರಿ ಬೇಡ. ಊತ ಸಾಮಾನ್ಯವಾಗಿ ಎರಡು ಮೂರನೇ ದಿನವೇ ಹೆಚ್ಚಿರುತ್ತದೆ, ಆಮೇಲೆ ಇಳಿಯುತ್ತದೆ. ಬಾಯಿ ಪೂರ್ತಿ ತೆರೆಯಲು ಆಗದಿರುವುದೂ ಸಹಜವೇ.

ನಿಜವಾಗಿ ಕಾಪಾಡಿಕೊಳ್ಳಬೇಕಾದದ್ದು ಹಲ್ಲು ಕಿತ್ತ ಗುಳಿಯನ್ನು. ಅಲ್ಲಿ ಹೆಪ್ಪುಗಟ್ಟಿದ ರಕ್ತವೇ ಮೂಳೆಗೆ ಹೊದಿಕೆ. ಅದು ಕಿತ್ತು ಬಂದರೆ ಮೂಳೆ ಬರಿದಾಗಿ, ಕಿವಿಯವರೆಗೂ ಸೆಳೆಯುವ ನೋವು ಶುರುವಾಗುತ್ತದೆ. ಡ್ರೈ ಸಾಕೆಟ್ ಅಂತಾರೆ. ನನಗೂ ಆಗಿತ್ತು. ಮಾರನೇ ದಿನವೇ ಎಳನೀರನ್ನು ಸ್ಟ್ರಾ ಹಾಕಿ ಹೀರಿದ್ದೆ. ನಾಲ್ಕನೇ ದಿನ ರಾತ್ರಿಯೆಲ್ಲಾ ನಿದ್ದೆಯಿಲ್ಲ. ಡಾಕ್ಟರು ಗುಳಿ ತೊಳೆದು, ಲವಂಗದ ವಾಸನೆಯ ಔಷಧಿಯಲ್ಲಿ ಅದ್ದಿದ ಪಟ್ಟಿ ತುಂಬಿದ ಮೇಲೆಯೇ ಜೀವ ಬಂದಂತಾಯಿತು.

ಹಾಗಾಗಿ ಸ್ಟ್ರಾ ಬೇಡ, ಜೋರಾಗಿ ಉಗಿಯುವುದೂ ಬೇಡ. ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಇಟ್ಟುಕೊಂಡು ತಲೆಯನ್ನು ಆಚೀಚೆ ಓರೆ ಮಾಡಿ, ಬಗ್ಗಿ ಸುಮ್ನೆ ಹೊರಗೆ ಬಿಡಿ. ಸಿಗರೇಟು, ಗುಟ್ಕಾ ಮುಟ್ಟಲೇಬೇಡಿ. ಆರಿದ ರಾಗಿ ಅಂಬಲಿ, ಮೆತ್ತಗಿನ ಮೊಸರನ್ನ ಸಾಕು. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಮೂರು ದಿನ ಕಳೆದ ಮೇಲೂ ಊತ ಏರುತ್ತಿದ್ದರೆ, ಜ್ವರ ಅಥವಾ ಕೀವು ಕಂಡರೆ, ತುಟಿಯ ಮರಗಟ್ಟುವಿಕೆ ಹೋಗಿರದಿದ್ದರೆ ತೆಗೆದ ಡಾಕ್ಟರಿಗೇ ತೋರಿಸಿ. ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.